ಅಜ್ಜಿಯ ಸಿಂಗರ್‌ಗೆ ಪೇಂಟ್ ಬೇಕಾ?

ಪ್ರಶ್ನೆ: ನಮ್ಮಜ್ಜಿಯ ಸಿಂಗರ್ ಹೊಲಿಗೆ ಕೈಮಿಷನ್ ಅಟ್ಟದಲ್ಲಿತ್ತು. ಚಕ್ರ ತಿರುಗುತ್ತಿಲ್ಲ. ನಂಬರ್ 'ವೈ' ಅಕ್ಷರದಿಂದ ಶುರುವಾಗುತ್ತೆ. ಹೊಸದಾಗಿ ಪೇಂಟ್ ಹೊಡೆಸಲಾ?
– ಓದುಗಿ, ಸಾಗರ

ಉತ್ತರ: ಅಯ್ಯೋ, ಪೇಂಟ್ ಮಾತ್ರ ಬೇಡಮ್ಮ! ಆ ಚಿನ್ನದ ಬಳ್ಳಿ ಚಿತ್ತಾರ ಹೋದರೆ ಇನ್ನೇನು ಉಳಿಯಿತು? 'ವೈ' ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು.

ಚಕ್ರ ಬಿಗಿದಿರುವುದು ಜಾಸ್ತಿ ಸಲ ಹಳೇ ಎಣ್ಣೆ ಅಂಟಾಗಿ. ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿರಬೇಕು, ನಮ್ಮ ಕಡೆ ಅದೊಂದು ಚಾಳಿ ಅಲ್ವಾ! ಎಣ್ಣೆ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಹಾಕಿ, ಒಂದು ರಾತ್ರಿ ಬಿಡಿ. ಬಲವಂತ ಬೇಡ, ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಸಡಿಲವಾದ ಮೇಲೆ ಮಿಷನ್ ಎಣ್ಣೆ ಬಿಡಿ. ಮೈ ಒರೆಸಲೂ ಅದೇ ಎಣ್ಣೆ, ಹತ್ತಿ ಬಟ್ಟೆ ಸಾಕು. ಸ್ಪಿರಿಟ್ ತಾಗಿಸಲೇಬೇಡಿ. ಅರಗಿನ ವಾರ್ನಿಷ್ ಕರಗಿ, ಬಳ್ಳಿಯೂ ಬಟ್ಟೆಗೇ ಬರುತ್ತೆ.