ಸಹಿ ಹಾಕಿದ ಹುಡುಗನನ್ನು ಬೈಯಬೇಡಿ

ರಾಣೆಬೆನ್ನೂರಿನಿಂದ ನಿವೃತ್ತ ಶಿರಸ್ತೇದಾರರೊಬ್ಬರು ಬರೆದಿದ್ದಾರೆ. ಅವರ ತಂಗಿಯ ಮಗ ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಆನ್‌ಲೈನ್ ಬಿಕಾಂ ಬಗ್ಗೆ ಮೊಬೈಲಿನಲ್ಲಿ ಒಂದು ಫಾರ್ಮ್ ತುಂಬಿದ. ಅಲ್ಲಿಂದ ಫೋನ್ ಮೇಲೆ ಫೋನ್. ಇವತ್ತು ರಾತ್ರಿಯೊಳಗೆ ಸೀಟ್ ಬ್ಲಾಕ್ ಮಾಡದಿದ್ದರೆ ಸ್ಕಾಲರ್‌ಶಿಪ್ ಹೋಗುತ್ತೆ ಅಂದರು, ಓಟಿಪಿ ಕೊಟ್ಟ. ಫೀಸಿನ ಕಂತು ಅಂದುಕೊಂಡಿದ್ದು ಅವನ ಹೆಸರಿಗೆ ಸಾಲವಾಗಿತ್ತು. ಪತ್ರದ ಕೊನೆಯ ಮಾತು ಇದು: ‘ನಮ್ಮ ಜನರೇ ಹೀಗೆ. ಓದದೆ ಸಹಿ ಹಾಕಿ ಆಮೇಲೆ ಕಂಪನಿಯನ್ನು ಬೈಯುತ್ತಾರೆ. ಮುಂದುವರಿದ ದೇಶಗಳಲ್ಲಿ ಹೀಗಾಗುತ್ತದೆಯೇ?’

ಆಗುತ್ತದೆ ಸರ್, ನಮಗಿಂತ ಮೊದಲೇ ಆಗಿದೆ. ಓದಿ ಸಹಿ ಹಾಕಬೇಕು ಅನ್ನುವ ನಿಮ್ಮ ಮಾತು ಸರಿ, ಅದನ್ನು ಒಪ್ಪಿದೆ. ಆದರೆ ಅಮೆರಿಕದಲ್ಲಿ ನಡೆದದ್ದನ್ನು ಸ್ವಲ್ಪ ಕೇಳಿ.

2010ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯವರು ವಿದ್ಯಾರ್ಥಿಗಳ ವೇಷದಲ್ಲಿ ಲಾಭಕ್ಕಾಗಿಯೇ ನಡೆಯುವ 15 ಖಾಸಗಿ ಕಾಲೇಜುಗಳಿಗೆ ಹೋದರು. ಹದಿನೈದರಲ್ಲೂ ದಾರಿ ತಪ್ಪಿಸುವ ಮಾತು ಕೇಳಿಬಂತು. ಜೊತೆಗೆ ಕೆಲವು ಸುಳ್ಳು ಹೆಸರುಗಳನ್ನು ವೆಬ್‌ಸೈಟುಗಳಲ್ಲಿ ನೋಂದಾಯಿಸಿದ್ದರು. ಅದರಲ್ಲಿ ಒಂದು ಹೆಸರಿಗೆ ಒಂದೇ ತಿಂಗಳಲ್ಲಿ 180ಕ್ಕೂ ಜಾಸ್ತಿ ಫೋನ್ ಬಂತು. ಇರದೇ ಇರುವ ಮನುಷ್ಯನಿಗೆ! 2012ರಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಅವರ ಸಮಿತಿ ಇಂಥ 30 ಕಂಪನಿಗಳ ಒಳಗಿನ ಕಾಗದಗಳನ್ನೆಲ್ಲ ತೆಗೆಸಿ ನೋಡಿತು. ಸೀಟು ತುಂಬಿಸಲು 35 ಸಾವಿರ ಜನ, ಓದು ಮುಗಿಸಿದವರಿಗೆ ಕೆಲಸ ಹುಡುಕಿಕೊಡಲು ಮೂರೂವರೆ ಸಾವಿರ ಜನ. ಪಾಠಕ್ಕಿಂತ ಪ್ರಚಾರಕ್ಕೇ ಖರ್ಚು ಹೆಚ್ಚು. ಒಂದು ಕಂಪನಿ ತನ್ನವರಿಗೆ ‘ನೋವಿನ ಆಲಿಕೆ’ (ಪೇನ್ ಫನೆಲ್) ಎಂಬ ಪಾಠವನ್ನೇ ಹೇಳಿಕೊಟ್ಟಿತ್ತು. ಎದುರಿನವರ ಬದುಕಿನ ಸೋಲನ್ನು ಒಂದೊಂದೇ ಪ್ರಶ್ನೆ ಕೇಳಿ ಕೆದಕಬೇಕು, ನೋವು ಪೂರ್ತಿ ಹೊರಬಂದಾಗ ಫಾರ್ಮ್ ಮುಂದಿಡಬೇಕು. ಸೈನ್ಯದಿಂದ ಬಂದವರು, ಒಬ್ಬಳೇ ಮಕ್ಕಳನ್ನು ಸಾಕುವ ತಾಯಂದಿರು ಇದಕ್ಕೆ ಸಿಕ್ಕಿದರು. ಕೊರಿಂಥಿಯನ್ ಎಂಬ ಕಾಲೇಜುಗಳ ಸರಪಳಿ 2015ರಲ್ಲಿ ಮುಚ್ಚಿತು. ಅದರ ವಿದ್ಯಾರ್ಥಿಗಳಲ್ಲಿ 5 ಲಕ್ಷ 60 ಸಾವಿರ ಜನರ ಸಾಲವನ್ನು 2022ರಲ್ಲಿ ಸರ್ಕಾರ ಮನ್ನಾ ಮಾಡಬೇಕಾಯಿತು. ಇಷ್ಟೂ ಜನ ಓದದೆ ಸಹಿ ಹಾಕುವ ದಡ್ಡರೇ?

ನನಗೆ ಗೊತ್ತಿರುವ ಒಬ್ಬ ಹುಡುಗಿ ಬೆಂಗಳೂರಿನಲ್ಲಿ ಫೋನ್ ಮಾಡಿ ಸೀಟು ತುಂಬಿಸುವ ಇದೇ ಕೆಲಸಕ್ಕಿದ್ದು, ಆಮೇಲೆ ಬಿಟ್ಟಳು. ಕಾರ್ಡಿನ ಮೇಲೆ ಕೌನ್ಸೆಲರ್ ಅಂತ ಇತ್ತು. ದಿನಕ್ಕಿಷ್ಟು ಗಂಟೆ ಫೋನಿನಲ್ಲಿರಬೇಕು, ವಾರಕ್ಕಿಷ್ಟು ಅಡ್ಮಿಷನ್ ಆಗಬೇಕು, ಆಗದಿದ್ದರೆ ಎಲ್ಲರೆದುರು ನಿಲ್ಲಿಸಿ ಕೇಳುತ್ತಿದ್ದರಂತೆ. ಯಾರಾದರೂ ‘ಅಪ್ಪನ ಹತ್ತಿರ ಕೇಳಿ ಹೇಳ್ತೀನಿ’ ಅಂದರೆ, ‘ಇನ್ನೂ ಅಪ್ಪನನ್ನು ಕೇಳೋ ವಯಸ್ಸಾ ನಿಮ್ದು?’ ಅಂತ ಕೇಳಬೇಕಿತ್ತು. ಬರೆದುಕೊಟ್ಟ ಮಾತು ಅದು. ಅವಳ ಮೇಲೂ ನನಗೆ ಸಿಟ್ಟಿಲ್ಲ. ಸೀಟಿನ ಲೆಕ್ಕದಲ್ಲಿ ಸಂಬಳ ತೆಗೆದುಕೊಳ್ಳುವವರು ‘ನಿಮಗೆ ಈ ಕೋರ್ಸ್ ಬೇಡ’ ಅಂತ ಹೇಗೆ ಹೇಳಿಯಾರು? ಅಮೆರಿಕ 1992ರಲ್ಲೇ ಸೀಟಿಗಿಷ್ಟು ಎಂಬ ಕಮಿಷನ್ನನ್ನು ಕಾನೂನು ಮಾಡಿ ನಿಷೇಧಿಸಿತು, ಹತ್ತು ವರ್ಷ ಕಳೆದ ಮೇಲೆ ತಾನೇ ಸಡಿಲಿಸಿತು, ಕೈ ಸುಟ್ಟುಕೊಂಡು 2011ರಲ್ಲಿ ಮತ್ತೆ ಬಿಗಿ ಮಾಡಿತು. ಪದವಿಯನ್ನು ಎಡ್‌ಟೆಕ್ (ಆನ್‌ಲೈನ್ ಪಾಠ ಮಾರುವ) ಕಂಪನಿಗಳಿಗೆ ಫ್ರಾಂಚೈಸಿ ಕೊಡುವಂತಿಲ್ಲ ಎಂದು ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವೂ (ಯುಜಿಸಿ) 2022ರಲ್ಲಿ ಎಚ್ಚರಿಸಿದೆ. ಫೋನ್ ಮಾತ್ರ ನಿಂತಿಲ್ಲ.

ನಿಜಕ್ಕೂ ಸಂಕಟವಾಗುವುದು ಬೇರೆ ಕಡೆ. ದಿನವಿಡೀ ಅಂಗಡಿಯಲ್ಲಿ ನಿಲ್ಲುವ ಹುಡುಗ ಓದಬೇಕು ಅಂದುಕೊಂಡ, ಅಲ್ವಾ? ಅವನ ಸಂಬಳಕ್ಕೆ ಎಟುಕುವ ಸಂಜೆ ಕಾಲೇಜು ಎಷ್ಟಿವೆ? ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವ ಅತಿಥಿ ಉಪನ್ಯಾಸಕರು ಕೆಲಸದ ಭದ್ರತೆ ಕೇಳಿ 2023ರ ಕೊನೆಯಲ್ಲಿ ಬೀದಿಗಿಳಿದರು. ಇಂಥ ಹುಡುಗರಿಗೆಂದೇ 1996ರಲ್ಲಿ ಮೈಸೂರಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಕಟ್ಟಿದೆವು. ಹೊರರಾಜ್ಯಗಳಲ್ಲೂ ಕೇಂದ್ರ ನಡೆಸಿದ ಗೋಜಲಿನಲ್ಲಿ ಅದರ ಮಾನ್ಯತೆ ಹೋಗಿ, ವಾಪಸ್ ಬಂದಿದ್ದು 2018ರಲ್ಲಿ. ಆ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ನಿಮಗೂ ಗೊತ್ತು. ನಾವು ಬಿಟ್ಟುಕೊಟ್ಟ ಜಾಗಕ್ಕೆ ಈ ಫೋನುಗಳು ಬಂದಿವೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಆ ಕೋರ್ಸಿಗೆ ಒಪ್ಪಿಗೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ. ಕಾಲೇಜಿಗೂ ಸಾಲ ಕೊಟ್ಟ ಸಂಸ್ಥೆಗೂ ಬೇರೆ ಬೇರೆಯಾಗಿ ಲಿಖಿತ ದೂರು ಹೋಗಲಿ. ಸಾಲದವರು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು. ಗ್ರಾಹಕ ಸಹಾಯವಾಣಿ 1915. ಫೋನ್ ಕರೆಗಳ ಪಟ್ಟಿ, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ ಅಂತ ಹುಡುಗನಿಗೆ ಹೇಳಿ. ಇಷ್ಟು ವರ್ಷ ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳ ನಡುವೆಯೇ ಇದ್ದವರು ನೀವು. ದೂರು ಹೇಗೆ ಬರೆದರೆ ಕೆಲಸವಾಗುತ್ತದೆ ಅಂತ ನಿಮಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಾರರು. ಅವನನ್ನು ಕರೆಸಿ, ಕೂರಿಸಿಕೊಂಡು, ನೀವೇ ಬರೆದುಕೊಡಿ.