ನಾಯಿಗೆ 800, ಬೆಕ್ಕಿಗೆ 600: ಆ ದುಡ್ಡು ಯಾರ ಕೈಗೆ?

ಓದುಗರ ಪ್ರಶ್ನೆ, ನಿವೃತ್ತ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ಮಂಡ್ಯದಲ್ಲಿ ಸಣ್ಣದೊಂದು ಮೆಸ್ ನಡೆಸುತ್ತೇನೆ. ಮಿಕ್ಕ ಅನ್ನ, ಮುದ್ದೆ ಚೂರಿಗೆ ಅಂತ ಬಂದ ಹೆಣ್ಣುನಾಯಿಯೊಂದು ನಮ್ಮ ಹಿತ್ತಲಲ್ಲೇ ಉಳಿದುಕೊಂಡಿದೆ. ಕೆಂಪಿ ಅಂತ ಕರೆಯುತ್ತೇವೆ. ಎರಡು ವರ್ಷದಲ್ಲಿ ನಾಲ್ಕು ಸೂಲು. ಈ ಸಲದ ಆರು ಮರಿಗಳಲ್ಲಿ ಮೂರು ಗಾಡಿಗೆ ಸಿಕ್ಕವು, ಒಂದನ್ನು ಯಾರೋ ಸಾಕಲು ಒಯ್ದರು, ಉಳಿದ ಎರಡೂ ಹೆಣ್ಣು. ಖಾಸಗಿಯಾಗಿ ಸಂತಾನಹರಣ ಆಪರೇಷನ್ ಮಾಡಿಸಲು ಒಂದಕ್ಕೆ ಐದು ಸಾವಿರ ಕೇಳುತ್ತಾರೆ. ಸರ್ಕಾರ ನಾಯಿಗೆ 800, ಬೆಕ್ಕಿಗೆ 600 ರೂಪಾಯಿ ಕೊಡುತ್ತದೆ ಅಂತ ಟೀವಿಯಲ್ಲಿ ನೋಡಿ ಒಂದು ಕಚೇರಿಗೆ ಎರಡು ಸಲ ಅಲೆದೆ. ಅಲ್ಲಿ ನಕ್ಕು ಕಳಿಸಿದರು. ಆ ದುಡ್ಡು ಪಡೆಯಲು ಯಾವ ಅರ್ಜಿ ತುಂಬಬೇಕು?

ಉತ್ತರ: ತಾಯಿ, ನಕ್ಕಿದ್ದು ಅವರ ತಪ್ಪು. ಆದರೆ ಅರ್ಜಿ ನಮೂನೆ ಹುಡುಕಿಕೊಂಡು ಮೂರನೇ ಸಲ ಹೋಗಬೇಡಿ. ಅದು ನಿಮ್ಮ ಹೆಸರಿಗೆ ಬರುವ ದುಡ್ಡಲ್ಲ.

ನೀವು ಕೇಳಿದ ಅಂಕಿ ಸರಿಯಾಗಿಯೇ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪರಿಷ್ಕೃತ ಯೋಜನೆಯ ಪ್ರಕಾರ ಒಂದು ನಾಯಿಗೆ 800, ಒಂದು ಬೆಕ್ಕಿಗೆ 600 ರೂಪಾಯಿ ನೆರವು. ಅದು ಹೋಗುವುದು ಸ್ಥಳೀಯ ಸಂಸ್ಥೆಗಳಿಗೆ, ಪ್ರಾಣಿ ದಯಾ ಸಂಘಗಳಿಗೆ. ಶಸ್ತ್ರಚಿಕಿತ್ಸೆ ಕೊಠಡಿ, ಗೂಡು ಕಟ್ಟಿಕೊಳ್ಳಲು ರಾಜ್ಯದ ಪಶು ಆಸ್ಪತ್ರೆಗಳಿಗೆ ಒಂದೇ ಬಾರಿಗೆ 2 ಕೋಟಿ ರೂಪಾಯಿ ಕೊಡುವ ಮಾತೂ ಅದೇ ಯೋಜನೆಯಲ್ಲಿದೆ. ಬೀದಿನಾಯಿಯ ಸಂತಾನಹರಣ ಚಿಕಿತ್ಸೆ ಮಾಡಿಸುವ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೊರಿಸಿರುವುದು ಸ್ಥಳೀಯ ಸಂಸ್ಥೆಯ ಮೇಲೆ, ನಿಮ್ಮೂರಿಗೆ ನಗರಸಭೆ. ಕೆಂಪಿಗಾಗಿ ನಿಮ್ಮ ಗಲ್ಲಾಪೆಟ್ಟಿಗೆಯಿಂದ ಐದು ಸಾವಿರ ತೆಗೆಯಲೇಬೇಕೆಂದಿಲ್ಲ.

800 ರೂಪಾಯಿಗೆ ಪೂರ್ತಿ ಕೆಲಸ ಆಗುತ್ತದೆಯೇ? ನನ್ನ ಲೆಕ್ಕದಲ್ಲಿ ಇಲ್ಲ. ಬಲೆ ಹಿಡಿಯುವವರ ಕೂಲಿ, ವ್ಯಾನಿನ ಡೀಸೆಲ್, ಅರಿವಳಿಕೆ, ಹೊಲಿಗೆ ದಾರ, ಆಂಟಿಬಯಾಟಿಕ್, ರೇಬೀಸ್ ಲಸಿಕೆ, ಗಾಯ ಮಾಯುವ ತನಕ ಗೂಡಿನಲ್ಲಿ ಅನ್ನ. ಉಳಿದದ್ದನ್ನು ನಗರಸಭೆ ತನ್ನ ಬಜೆಟ್ಟಿನಿಂದ ಹಾಕಬೇಕು. ‘ಅನುದಾನ ಬಂದಿಲ್ಲ’ ಎಂಬ ಉತ್ತರ ಅರ್ಧ ಉತ್ತರ ಅನ್ನುವುದು ಅದಕ್ಕೇ.

ತಲೆಗಿಷ್ಟು ಎಂಬ ಈ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಗಂಡುನಾಯಿ ಹತ್ತು ನಿಮಿಷದ ಕೆಲಸ. ಹೆಣ್ಣಿನದು ಹಾಗಲ್ಲ. ಹೊಟ್ಟೆ ಬಿಡಿಸಿ ಎರಡು ಅಂಡಾಶಯ ಹುಡುಕಬೇಕು. ಬಲಗಡೆಯದು ಪಕ್ಕೆಲುಬಿನತ್ತ ಇನ್ನೂ ಮೇಲೆ, ಇನ್ನೂ ಆಳದಲ್ಲಿ ಅಡಗಿರುತ್ತದೆ. ಅದನ್ನು ಹಿಡಿದಿಟ್ಟ ಬಿಗಿಯಾದ ತಂತುವನ್ನು ತೋರುಬೆರಳಿನಿಂದ ತಂಬೂರಿ ತಂತಿಯ ಹಾಗೆ ಮೀಟಿ ಮೀಟಿ ಸಡಿಲಿಸಬೇಕು. ಸ್ವಲ್ಪ ಜೋರಾದರೆ ಪಕ್ಕದ ರಕ್ತನಾಳ ಹರಿಯಿತು. ಕೈ ಪಳಗಿದವರಿಗೂ ಅರ್ಧ ಗಂಟೆ ಬೇಕು. ಎರಡಕ್ಕೂ ಒಂದೇ ದರ ಇಟ್ಟರೆ ವ್ಯಾನು ಯಾವುದನ್ನು ಮೊದಲು ಹುಡುಕೀತು, ನೀವೇ ಹೇಳಿ. ಬೀದಿಯಲ್ಲಿ ಒಂದೇ ಒಂದು ಗಂಡು ತಪ್ಪಿಸಿಕೊಂಡರೂ ಅಲ್ಲಿನ ಹೆಣ್ಣುಗಳೆಲ್ಲ ಗಬ್ಬ. ಬಿಲ್ ಕೊಡುವ ಮುಂಚೆ ತೆಗೆದ ಅಂಗಗಳನ್ನು ಎಣಿಸಿ ತಾಳೆ ನೋಡಬೇಕೆಂಬ ಕಟ್ಟಳೆ ಇದೆ. ಎಣಿಸುವಾಗ ಗರ್ಭಕೋಶ ಎಷ್ಟು, ವೃಷಣ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ.

ಇಪ್ಪತ್ತು ವರ್ಷದ ಹಿಂದೆ, ಹೆಸರು ಬೇಡ, ಒಂದು ಪಟ್ಟಣದಲ್ಲಿ ಇಂಥದೇ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ದುಡ್ಡು ಸುಮಾರು ಐವತ್ತು ನಾಯಿಗೆ ಸಾಲುವಷ್ಟು. ಊರಿನಲ್ಲಿದ್ದದ್ದು ಒಟ್ಟು 23 ವಾರ್ಡು. ಎಲ್ಲ ಸದಸ್ಯರಿಗೂ ಸಮಾಧಾನ ಆಗಬೇಕಲ್ಲ, ಪ್ರಸಾದ ಹಂಚಿದ ಹಾಗೆ ವಾರ್ಡಿಗೆ ಎರಡೆರಡು ಅಂತ ತೀರ್ಮಾನವಾಯಿತು. ನಾನೂ ಬಾಯಿ ಮುಚ್ಚಿಕೊಂಡು 46 ನಾಯಿಗೆ ಕತ್ತರಿ ಹಿಡಿದೆ. ಮುಂದಿನ ಮಾಗಿಯಲ್ಲಿ ಅದೇ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹಿಂದೆಯೇ ಮೂರು ಕಡೆ ಮರಿಗಳು ಕುಂಯ್‌ಗುಟ್ಟುತ್ತಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದೆವು. ಅದೇ 46ನ್ನು ಎರಡು ವಾರ್ಡಿನಲ್ಲೇ ಮುಗಿಸಿದ್ದರೆ ಆ ಎರಡು ಕಡೆಯಾದರೂ ಸದ್ದು ಅಡಗುತ್ತಿತ್ತು. ಒಂದು ಪ್ರದೇಶದ ನಾಯಿಗಳಲ್ಲಿ ಕನಿಷ್ಠ ಶೇ 70ಕ್ಕೆ ಆಗಬೇಕೆಂದು ಕೇಂದ್ರವೇ ಈಗ ರಾಜ್ಯಗಳಿಗೆ ಹೇಳಿದೆ. ಅಂದು ನನಗೆ ಈ ಅಂಕಿ ಗೊತ್ತಿರಲಿಲ್ಲ, ಆದರೆ ಮೆಸ್ಸಿನ ಹಂಡೆ ತಿಕ್ಕುವವರಿಗೂ ಗೊತ್ತಾಗುವ ಲೆಕ್ಕ ಅದು.

ಆದ್ದರಿಂದ ಕೆಂಪಿಯೊಬ್ಬಳ ಹೆಸರಿನಲ್ಲಿ ಬರೆಯಬೇಡಿ. ಅಕ್ಕಪಕ್ಕದ ಹತ್ತು ಮನೆ, ಅಂಗಡಿಯವರ ಸಹಿ ಹಾಕಿಸಿ, ಯಾವ ಬೀದಿಯಲ್ಲಿ ಎಷ್ಟು ಹೆಣ್ಣು, ಎಷ್ಟು ಗಂಡು, ಯಾವುದರ ಕಿವಿಯಲ್ಲಿ ಈಗಾಗಲೇ ವಿ ಆಕಾರದ ಕಚ್ಚು ಇದೆ (ಅಂದರೆ ಆಪರೇಷನ್ ಆಗಿದೆ) ಅಂತ ಪಟ್ಟಿ ಮಾಡಿ ಪೌರಾಯುಕ್ತರಿಗೆ ಕೊಡಿ. ನಮ್ಮ ವಾರ್ಡನ್ನು ಒಂದೇ ಸುತ್ತಿನಲ್ಲಿ ಮುಗಿಸಿ ಅಂತ ಕೇಳಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಅವರೇ ಅಧ್ಯಕ್ಷರು. ಇನ್ನೊಂದು ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಮೊಹರು ಬಿದ್ದ ಕಾಗದ ಕಂಡರೆ ಯಾರೂ ನಗುವುದಿಲ್ಲ.

ವ್ಯಾನು ಬಂದಾಗ ಕೆಂಪಿ ಹಾಲೂಡಿಸುತ್ತಿದ್ದರೆ ಕಳಿಸಬೇಡಿ, ಮರಿ ಹಾಲು ಬಿಡಲಿ. ಬೆದೆಯಲ್ಲಿದ್ದರೂ ಮುಂದಕ್ಕೆ ಹಾಕಿಸಿ, ಆಗ ನಾಳಗಳು ಉಬ್ಬಿ ರಕ್ತ ಹೆಚ್ಚು ಹೋಗುತ್ತದೆ. ಮರಿಗಳಿಗೆ ಆರು ತಿಂಗಳು ತುಂಬಬೇಕು. ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ, ಪಾಪ ಅಂತ ಒಂದು ತುತ್ತು ಮುದ್ದೆಯನ್ನೂ ಸಹ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಹೋದರೆ ಉಳಿಸುವುದು ಕಷ್ಟ. ಹಿಡಿದ ಜಾಗದಲ್ಲೇ ತಂದು ಬಿಡಬೇಕೆಂಬುದು ನಿಯಮ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಅದನ್ನೇ ಹೇಳಿದೆ, ರೇಬೀಸ್ ಬಂದದ್ದು, ಮೈಮೇಲೆ ಬೀಳುವಂಥದ್ದು ಬಿಟ್ಟು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದವನ್ನು ವಾಪಸ್ ಬಿಡುವಂತಿಲ್ಲ ಎಂಬುದು ಅದೇ ವರ್ಷದ ನವೆಂಬರಿನ ಆದೇಶ. ನಿಮ್ಮ ಹಿತ್ತಲು ಆ ಪಟ್ಟಿಯಲ್ಲಿಲ್ಲ. ಅನ್ನ ಹಾಕುವುದನ್ನು ಮಾತ್ರ ರಸ್ತೆಗೆ ತರಬೇಡಿ, ಹಿತ್ತಲಲ್ಲೇ ಇರಲಿ.

ಪ್ರಶ್ನೆ: ಗಂಡು ಬೆಕ್ಕಿಗೆ ಆಪರೇಷನ್ ಮಾಡಿಸಿದರೆ ಇಲಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆ ಅನ್ನುತ್ತಾರೆ, ನಿಜವೇ? (ಅಗ್ರಹಾರ, ಮೈಸೂರು)

ಉತ್ತರ: ಬಿಡುವುದಿಲ್ಲ. ರಾತ್ರಿ ಕಾಂಪೌಂಡ್ ಮೇಲಿನ ಜಗಳ, ಬಾಗಿಲಿಗೆ ಉಚ್ಚೆ ಸಿಡಿಸುವುದು ಕಡಿಮೆಯಾಗುತ್ತದೆ. ಹಸಿವು ಹೆಚ್ಚುತ್ತದೆ, ಹಾಲನ್ನ ಅಳತೆಯಲ್ಲಿರಲಿ. ಹೆಣ್ಣಿದ್ದರೆ ಐದನೇ ತಿಂಗಳಿಗೇ ಮಾಡಿಸಿ, ಅಷ್ಟರಲ್ಲಿ ಅದು ಬೆದೆಗೆ ಬಂದಿರಲೂಬಹುದು. ನನ್ನ ಮನೆಯದಕ್ಕೆ ಆಪರೇಷನ್ ಆಗಿ ಆರು ವರ್ಷ. ಮೊನ್ನೆ ಬೆಳಿಗ್ಗೆ ಹೆಗ್ಗಣವೊಂದನ್ನು ತಂದು ನನ್ನ ಎಡಗಾಲಿನ ಚಪ್ಪಲಿಯ ಮೇಲೆ ಮಲಗಿಸಿತ್ತು.