ವಿಳಂಬ ವಿಶ್ಲೇಷಣೆಗೆ ಯಾವ ವಿಧಾನ? ಮೊದಲು ಹಳೇ ಫೈಲ್ ಇದೆಯಾ ನೋಡಿ

ಕಾಮಗಾರಿ ಐದು ತಿಂಗಳು ತಡವಾಗಿದೆ, ಕ್ಲೇಮ್‌ಗೆ ಟೈಮ್ ಇಂಪ್ಯಾಕ್ಟ್ (ತಡ ತಂದ ಘಟನೆಯನ್ನು ವೇಳಾಪಟ್ಟಿಗೆ ಸೇರಿಸಿ ಮುಕ್ತಾಯ ಎಷ್ಟು ಸರಿಯುತ್ತದೆ ಅಂತ ನೋಡುವುದು) ಒಳ್ಳೆಯದೋ ವಿಂಡೋಸ್ ಅನಾಲಿಸಿಸ್ಸೋ (ಕಾಮಗಾರಿಯ ಅವಧಿಯನ್ನು ತುಂಡು ತುಂಡಾಗಿ ನೋಡುವುದು) ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ.

ಆಗ ಗುತ್ತಿಗೆದಾರರ ಕಡೆಯಲ್ಲಿ ವೇಳಾಪಟ್ಟಿ ಮಾಡುವ ಪ್ಲಾನರ್ ನಾನು. ಮಾಲೀಕರಿಂದ ನೆಲಮಾಳಿಗೆಯ ಡ್ರಾಯಿಂಗ್ 47 ದಿನ ತಡವಾಗಿ ಬಂತು. ಬೇಸ್‌ಲೈನ್‌ಗೆ, ಅಂದರೆ ಶುರುವಿನ ಮೂಲ ವೇಳಾಪಟ್ಟಿಗೆ, ಆ 47 ದಿನ ತುರುಕಿದೆ. ಮುಕ್ತಾಯದ ದಿನಾಂಕವೂ ಸರಿಯಾಗಿ 47 ದಿನ ಸರಿಯಿತು. ಎಷ್ಟು ಚೆಂದ! ಅಷ್ಟೂ ದಿನಕ್ಕೆ ಅವಧಿ ವಿಸ್ತರಣೆ, ಜೊತೆಗೆ ಸೈಟ್ ಖರ್ಚು ಕೇಳಿದೆವು. ಎದುರಿನವರ ವಿಶ್ಲೇಷಕ ಒಂದೇ ಮಾತು ಕೇಳಿದರು: "ಡ್ರಾಯಿಂಗ್ ಬರಬೇಕಿದ್ದ ತಿಂಗಳ ಅಪ್‌ಡೇಟ್ ಫೈಲ್ ಕೊಡಿ."

ಇರಲಿಲ್ಲ. ಪ್ರತಿ ತಿಂಗಳು ಅದೇ ವೇಳಾಪಟ್ಟಿ ಫೈಲ್ ತೆರೆಯುವುದು, ಆದ ಕೆಲಸಕ್ಕೆ ನಿಜವಾದ ದಿನಾಂಕ ಹಾಕುವುದು, ಡೇಟಾ ಡೇಟ್ (ಯಾವ ದಿನದವರೆಗಿನ ಪ್ರಗತಿ ಅನ್ನುವ ಗುರುತು) ಮುಂದೂಡುವುದು, ಹಳೆಯದರ ಮೇಲೇ ಸೇವ್ ಒತ್ತುವುದು. ಹದಿನಾಲ್ಕು ತಿಂಗಳು ಹೀಗೇ ಮಾಡಿದ್ದೆ. ಇದರಲ್ಲೇನು ತಪ್ಪು ಅನ್ನಿಸಬಹುದು, ನನಗೂ ಅನ್ನಿಸಿರಲಿಲ್ಲ. ಆದರೆ ಮುಗಿದ ಕೆಲಸಕ್ಕೆ ಸಾಫ್ಟ್‌ವೇರ್ ಫ್ಲೋಟ್ (ಮುಕ್ತಾಯ ಸರಿಯದಂತೆ ಕೆಲಸ ಎಷ್ಟು ದಿನ ತಡವಾಗಬಹುದು ಅನ್ನುವ ಲೆಕ್ಕ) ತೋರಿಸುವುದಿಲ್ಲ. ಡ್ರಾಯಿಂಗ್ ಬರಬೇಕಿದ್ದ ಮೇ ತಿಂಗಳಲ್ಲಿ ಕ್ರಿಟಿಕಲ್ ಪಾತ್ (ಮುಕ್ತಾಯದ ದಿನ ನಿರ್ಧರಿಸುವ ಕೆಲಸಗಳ ಸಾಲು) ಎಲ್ಲಿ ಹಾದುಹೋಗಿತ್ತು ಅಂತ ಡಿಸೆಂಬರ್ ಫೈಲ್ ಹೇಳಲಾರದು. ಮಧ್ಯೆ ಕೆಲಸಗಳ ಕೊಂಡಿಗಳನ್ನೂ (ಯಾವುದರ ನಂತರ ಯಾವುದು ಅನ್ನುವುದನ್ನು) ಬದಲಿಸಿದ್ದೆ, ಯಾವಾಗ, ಯಾಕೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಕಳಿಸಿದ ಪಿಡಿಎಫ್‌ಗಳಲ್ಲಿ ಬರೀ ಬಾರ್‌ಗಳು, ಕೊಂಡಿಯೇ ಕಾಣದು.

ಆ ವಿಶ್ಲೇಷಕರು ಸೈಟ್ ಡೈರಿ ಹಿಡಿದು ಲೆಕ್ಕ ಹಾಕಿದರು: ನಮ್ಮದೇ ಉಕ್ಕಿನ ಕೆಲಸ ಆಗಲೇ ಮುಕ್ತಾಯವನ್ನು 38 ದಿನ ತಳ್ಳಿತ್ತು, ಡ್ರಾಯಿಂಗ್ ಸೇರಿಸಿದ್ದು 9 ದಿನ ಮಾತ್ರ. ಅವರ ಲೆಕ್ಕ ಪೂರ್ತಿ ಸರಿ ಅಂತ ನಾನು ಇವತ್ತಿಗೂ ಒಪ್ಪಲ್ಲ. ಆದರೆ ಅಲ್ಲಗಳೆಯಲು ಕೈಯಲ್ಲಿ ಏನಿತ್ತು? 9ಕ್ಕೇ ರಾಜಿ ಆಯಿತು.

ಹಾಗಾಗಿ ವಿಧಾನ ನೀವು ಆರಿಸುವುದಲ್ಲ, ನಿಮ್ಮ ದಾಖಲೆ ಆರಿಸುತ್ತದೆ. ಎಸ್‌ಸಿಎಲ್ ಪ್ರೋಟೋಕಾಲ್‌ನ (ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಹೊರತಂದ ವಿಳಂಬದ ಮಾರ್ಗಸೂಚಿ) 2017ರ ಆವೃತ್ತಿ ಆರು ವಿಧಾನ ಪಟ್ಟಿ ಮಾಡಿದೆ. ಆಯ್ಕೆಗೆ ಅದು ಕೊಡುವ ಮಾನದಂಡಗಳಲ್ಲಿ ಕೈಯಲ್ಲಿರುವ ದಾಖಲೆಯ ಗುಣಮಟ್ಟವೂ ಒಂದು. ತಿಂಗಳ ಫೈಲ್‌ಗಳಿದ್ದರೆ ವಿಂಡೋಸ್, ಯೋಚನೆಯೇ ಬೇಡ. ಬೇಸ್‌ಲೈನ್ ಮಾತ್ರ ಇದ್ದರೆ ನನ್ನ ಹಾಗೆ ಅದಕ್ಕೆ ದಿನ ತುರುಕಬೇಡಿ. ಡೈರಿ, ಕಾಂಕ್ರೀಟ್ ಹಾಕಿದ ದಾಖಲೆ ಇಟ್ಟುಕೊಂಡು ಯೋಜನೆಗೂ ನಡೆದದ್ದಕ್ಕೂ ಹೋಲಿಸಿ. ಕ್ಲೇಮ್ ಮಾಡುತ್ತೇವೆ ಅಂತ ನೋಟಿಸ್ ಕೊಟ್ಟಿದ್ದೀರಾ ಅಂತಲೂ ಈಗಲೇ ನೋಡಿ. ಫಿಡಿಕ್ (ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) 1999ರ ಮಾದರಿ ಒಪ್ಪಂದವಾದರೆ ಗಡುವು 28 ದಿನ, ತಪ್ಪಿದ್ದರೆ ವಿಧಾನದ ಚರ್ಚೆಯೇ ವ್ಯರ್ಥವಾಗಬಹುದು.

ಇವತ್ತೇ ಹಳೇ ಮೇಲ್‌ಗಳ ಲಗತ್ತು, ಸಹೋದ್ಯೋಗಿಗಳ ಲ್ಯಾಪ್‌ಟಾಪ್ ಎಲ್ಲಾ ಜಾಲಾಡಿ. ನನಗೂ ಮೇ ತಿಂಗಳ ಫೈಲ್ ಹಾಗೇ ಸಿಕ್ಕಿತು, ರಾಜಿಗೆ ಸಹಿ ಬಿದ್ದು ಮೂರು ವಾರವಾದ ಮೇಲೆ.